ಸಿನಿಮಾಗೆ ಮೊದಲ ವಾರಾಂತ್ಯಕ್ಕೆ 10 ಕೋಟಿ ಅಂದರೆ ನಿರ್ಮಾಪಕರ ಕೈಗೆ ಎಷ್ಟು?

ಪೋಸ್ಟರ್ ಮೇಲಿನ 10 ಕೋಟಿ ಸಾಮಾನ್ಯವಾಗಿ ಗ್ರಾಸ್, ಅಂದರೆ ತೆರಿಗೆಯೂ ಸೇರಿದ ಟಿಕೆಟ್ ಹಣ. 100 ರೂಪಾಯಿ ಮೀರಿದ ಟಿಕೆಟ್‌ಗೆ 18% ಜಿಎಸ್‌ಟಿ. 236 ರೂಪಾಯಿ ಕೊಟ್ಟರೆ 36 ಸರ್ಕಾರಕ್ಕೆ, ಉಳಿದ 200 ನೆಟ್. ಆ ಲೆಕ್ಕದಲ್ಲಿ 10 ಕೋಟಿ ಸುಮಾರು 8.47 ಕೋಟಿಗೆ ಇಳಿಯುತ್ತದೆ. ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರ ಸಾಮಾನ್ಯವಾಗಿ ಇದರ ಅರ್ಧದಷ್ಟೇ ವಿತರಕರ (ಸಿನಿಮಾವನ್ನು ಚಿತ್ರಮಂದಿರಗಳಿಗೆ ತಲುಪಿಸುವವರ) ಶೇರ್, ಅಂದರೆ ಪಾಲು; ಮುಂದಿನ ವಾರಗಳಲ್ಲಿ ಇನ್ನೂ ಕಡಿಮೆ. ಸಿಂಗಲ್ ಸ್ಕ್ರೀನ್ ಬಾಡಿಗೆಗೆ ಹಿಡಿದಿದ್ದರೆ ಸೀಟು ಖಾಲಿ ಹೊಡೆದರೂ ಬಾಡಿಗೆ ಕಟ್ಟಲೇಬೇಕು. ಪ್ರಚಾರದ ಖರ್ಚು ಬೇರೆ. ಇವೆಲ್ಲ ಕಳೆದು ಉಳಿದದ್ದರಲ್ಲೇ ನಿರ್ಮಾಪಕರ ಪಾಲು.

ಭಾನುವಾರದ ಹೌಸ್‌ಫುಲ್ ಬೋರ್ಡ್ ನೋಡಿ ಹಿಟ್ ಎನ್ನಬೇಡಿ, ಅದರಲ್ಲಿ ಅಭಿಮಾನಿಗಳ ಮುಂಗಡ ಬುಕಿಂಗೇ ಹೆಚ್ಚಿರಬಹುದು. ಸೋಮವಾರದ ಗಳಿಕೆಯನ್ನು ಶುಕ್ರವಾರದ ಜೊತೆ ಹೋಲಿಸಿ: ಅರ್ಧಕ್ಕಿಂತ ತೀರಾ ಕೆಳಗಿಳಿದರೆ ಎರಡನೇ ವಾರ ಶೋಗಳಿಗೆ ಕತ್ತರಿ ಬೀಳುವುದು ಬಹುತೇಕ ಖಚಿತ. ಶುಕ್ರವಾರ ಹಬ್ಬದ ರಜೆಯಾಗಿದ್ದರೆ ಮಾತ್ರ ಈ ಹೋಲಿಕೆ ಕೆಲಸಕ್ಕೆ ಬರಲ್ಲ.