ಕೈಯಲ್ಲಿ ತಿರುಗಿಸುವ ಕಾಫಿ ಗ್ರೈಂಡರ್: ಕ್ಲಿಕ್ ಎಣಿಸುವ ಮೊದಲು ಬರ್ ಅಲುಗಾಡುತ್ತದಾ ನೋಡಿ

ನಿಮ್ಮ ಪ್ರಶ್ನೆ ಓದಿದೆ. ದಿನಕ್ಕೆ ಎರಡು ಸಲ, ಒಬ್ಬರಿಗೇ ಕಾಫಿ. ಹೆಚ್ಚಾಗಿ ಪೋರ್ ಓವರ್ (ಫಿಲ್ಟರ್ ಕಾಗದದಲ್ಲಿ ಪುಡಿ ಹಾಕಿ ಮೇಲಿಂದ ಬಿಸಿನೀರು ಸುರಿಯುವುದು), ರಜೆ ದಿನ ಫ್ರೆಂಚ್ ಪ್ರೆಸ್ (ಪುಡಿ ನೆನೆಸಿ ಜಾಲರಿಯಿಂದ ಒತ್ತುವುದು), ಮುಂದೆ ಯಾವಾಗಲಾದರೂ ಎಸ್ಪ್ರೆಸೊ ಮಷಿನ್ ಬಂದರೂ ಬರಬಹುದು. ಒಂದು ಕಡೆ ಸೆರಾಮಿಕ್ ಬರ್‌ನ (ಬೀಜ ಒಡೆಯುವ ಹಲ್ಲಿನ ಭಾಗವೇ ಬರ್) ಅಗ್ಗದ ಗ್ರೈಂಡರ್, ಇನ್ನೊಂದು ಕಡೆ ಅದರ ಹಲವು ಪಟ್ಟು ಬೆಲೆಯ, ತುಂಬಾ ಕ್ಲಿಕ್ (ಪುಡಿಯ ಗಾತ್ರ ಬದಲಾಯಿಸುವ ಹಂತ) ಇರುವ ಸ್ಟೀಲ್ ಗ್ರೈಂಡರ್, ಯಾವುದು ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ. ನಡುವೆ ಒಂದು ದರ್ಜೆ ಇದೆ, ನಿಮ್ಮ ಬಳಕೆಗೆ ಅದೇ ಸರಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಜನ ನೋಡಬೇಕಾದ್ದನ್ನು ಬಿಟ್ಟು ಬೇರೆ ಏನೇನೋ ನೋಡಿ ದುಡ್ಡು ಹಾಕುತ್ತಾರೆ.

ಗ್ರೈಂಡರ್ ಮಾಡಬೇಕಾದ ಕೆಲಸ ಒಂದೇ. ಬೀಜವನ್ನು ಆದಷ್ಟು ಒಂದೇ ಗಾತ್ರದ ಚೂರುಗಳಾಗಿ ಒಡೆಯಬೇಕು. ಪೂರ್ತಿ ಒಂದೇ ಸಮ ಯಾವ ಗ್ರೈಂಡರ್‌ನಲ್ಲೂ ಬರುವುದಿಲ್ಲ, ಧೂಳಿನಂಥ ಪುಡಿ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಧೂಳೂ ಜಾಸ್ತಿ, ದಪ್ಪ ಚೂರೂ ಜಾಸ್ತಿ ಆದಾಗ ತೊಂದರೆ ಶುರು. ಧೂಳಿನಿಂದ ರುಚಿಯ ಅಂಶವೆಲ್ಲ ಬೇಗ ನೀರಿಗೆ ಇಳಿದುಬಿಡುತ್ತದೆ, ಕಹಿ ಮತ್ತು ಒಗರು ಬರುತ್ತದೆ. ದಪ್ಪ ಚೂರಿನ ಒಳಗಡೆ ನೀರು ಸರಿಯಾಗಿ ಮುಟ್ಟುವುದೇ ಇಲ್ಲ, ಅದರಿಂದ ಹುಳಿ ಮತ್ತು ಸಪ್ಪೆ. ಒಂದೇ ಕಪ್ಪಿನಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ ಸಿಕ್ಕಿದರೆ ಹೆಚ್ಚಿನ ಸಲ ಕಾರಣ ಇದೇ. ಆಗ ಕ್ಲಿಕ್ ಆಚೆ ಈಚೆ ಮಾಡಿ ಪ್ರಯೋಜನ ಇಲ್ಲ. ಕಹಿ ಕಡಿಮೆ ಮಾಡಲು ಹೋದರೆ ಹುಳಿ ಜಾಸ್ತಿ ಆಗುತ್ತದೆ, ಅಷ್ಟೇ.

ಈಗ ಮುಖ್ಯ ವಿಷಯ. ಪುಡಿ ಒಂದೇ ಸಮ ಬರುವುದು ಬರ್ ಯಾವ ವಸ್ತುವಿನದು ಅನ್ನುವುದಕ್ಕಿಂತ ಮೊದಲು, ಆ ಬರ್ ಎಷ್ಟು ಬಿಗಿಯಾಗಿ ನಿಂತಿದೆ ಅನ್ನುವುದರ ಮೇಲೆ. ಬರ್‌ನಲ್ಲಿ ಎರಡು ಭಾಗ, ಹೊರಗಿನ ಬಳೆ ಕದಲುವುದಿಲ್ಲ, ಒಳಗಿನ ಕೋನ್ ಅಚ್ಚಿನ (ನಡುವಿನ ಕಂಬಿಯ) ಮೇಲೆ ತಿರುಗುತ್ತದೆ, ಎರಡರ ನಡುವಿನ ಸಂದಿಯೇ ಪುಡಿಯ ಗಾತ್ರ. ಅಚ್ಚು ಸ್ವಲ್ಪ ವಾಲಿದರೂ ಒಂದು ಕಡೆ ಸಂದಿ ಕಿರಿದು, ಇನ್ನೊಂದು ಕಡೆ ಅಗಲ. ಬೀಸುವ ಕಲ್ಲಿನ ಗೂಟ ಸಡಿಲವಾದರೆ ಹಿಟ್ಟು ಒಂದು ಕಡೆ ನುಣ್ಣಗೆ, ಒಂದು ಕಡೆ ತರಿ ಬೀಳುತ್ತದಲ್ವಾ, ಅದೇ ಕಥೆ. ಹಳೆ ಮಾದರಿಯ ಅಗ್ಗದ ಗ್ರೈಂಡರ್‌ಗಳಲ್ಲಿ ಅಚ್ಚಿಗೆ ಮೇಲ್ಗಡೆ ಮಾತ್ರ ಆಧಾರ, ಕೆಳಗಡೆ ಒಳಗಿನ ಕೋನ್ ಸುಮ್ನೆ ನೇತಾಡುತ್ತಿರುತ್ತದೆ. ನುಣ್ಣಗೆ ಬೀಸುವಾಗ ಎರಡು ಬರ್ ಹತ್ತಿರ ಇರುವುದರಿಂದ ಅಷ್ಟು ಗೊತ್ತಾಗುವುದಿಲ್ಲ. ತರಿಯಾಗಿ ಬೀಸಲು ಸಂದಿ ಅಗಲ ಮಾಡಿದ ಕೂಡಲೇ ಅಲುಗಾಟ ಜಾಸ್ತಿ. ಅಂದರೆ ನಿಮಗೆ ಬೇಕಾದ ಪೋರ್ ಓವರ್, ಫ್ರೆಂಚ್ ಪ್ರೆಸ್ ಗಾತ್ರದಲ್ಲೇ ಅದು ಕೈಕೊಡುತ್ತದೆ. ಹಾರಿಯೊ ಸ್ಕರ್ಟನ್‌ನ ಮೊದಲ ಮಾದರಿಯ ಬಗ್ಗೆ ಎಲ್ಲರೂ ಹೇಳುವ ದೂರು ಇದೇ. ಅದಕ್ಕೇ ಹೇಳುವುದು, ಅಚ್ಚನ್ನು ಎರಡು ಕಡೆ ಬೇರಿಂಗ್ ಹಿಡಿದಿರುವ ಗ್ರೈಂಡರ್ ತಗೊಳ್ಳಿ. ವಿವರದಲ್ಲಿ ಮೊದಲು ಹುಡುಕಬೇಕಾದ್ದು ಅದನ್ನು.

ಸೆರಾಮಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತುಕ್ಕು ಹಿಡಿಯುವುದಿಲ್ಲ, ನೀರಿನಲ್ಲಿ ತೊಳೆಯಬಹುದು, ಬೇಗ ಸವೆಯುವುದೂ ಇಲ್ಲ. ಆದರೆ ಅದಕ್ಕೆ ಸ್ಟೀಲಿನಷ್ಟು ಚೂಪಾದ ಅಂಚು ಕೊಡಲು ಆಗುವುದಿಲ್ಲ. ಸ್ಟೀಲ್ ಬರ್ ಬೀಜವನ್ನು ಕತ್ತರಿಸುತ್ತದೆ, ಸೆರಾಮಿಕ್ ಹೆಚ್ಚಾಗಿ ಅರೆಯುತ್ತದೆ, ಧೂಳು ಜಾಸ್ತಿ. ಬೀಜದ ಜೊತೆ ಸಣ್ಣ ಕಲ್ಲು ಬಂದರೆ ಸೆರಾಮಿಕ್ ಚಕ್ಕೆ ಏಳುವ ಭಯ ಬೇರೆ. ಎಲ್ಲಕ್ಕಿಂತ ಮುಖ್ಯ, ಕೈ ನೋವು. ಒಬ್ಬರಿಗೆ ಬೇಕಾದ 15 ಗ್ರಾಂ ಬೀಜ ಒಳ್ಳೆ ಸ್ಟೀಲ್ ಬರ್‌ನಲ್ಲಿ ಪೋರ್ ಓವರ್ ಗಾತ್ರಕ್ಕೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಸಣ್ಣ ಸೆರಾಮಿಕ್ ಬರ್‌ನಲ್ಲಿ ಅದಕ್ಕೆ ಎರಡು ಮೂರು ನಿಮಿಷ ಬೇಕು. ಲೈಟ್ ರೋಸ್ಟ್ (ಕಡಿಮೆ ಹುರಿದದ್ದು) ಆದರೆ ಬೀಜ ಗಟ್ಟಿ, ಇನ್ನೂ ಕಷ್ಟ. ದಿನಕ್ಕೆ ಎರಡು ಸಲ ಈ ಕೆಲಸ ಮಾಡಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ. ತಿರುಗಿಸುವುದು ಬೇಸರವಾದರೆ ಗ್ರೈಂಡರ್ ಮೂಲೆ ಸೇರುತ್ತದೆ, ಅಂಗಡಿಯ ಪುಡಿ ಮತ್ತೆ ಮನೆಗೆ ಬರುತ್ತದೆ.

ಇನ್ನು ಕ್ಲಿಕ್. ಇದರಲ್ಲೇ ಜಾಸ್ತಿ ಗೊಂದಲ. ಒಂದು ಕ್ಲಿಕ್‌ಗೆ ಇಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಂತ ಕಂಪನಿಗಳು ಬರೆಯುತ್ತವೆ. ಅದು ಪುಡಿಯ ಗಾತ್ರ ಅಲ್ಲ, ಬರ್ ಮೇಲೆ ಕೆಳಗೆ ಎಷ್ಟು ಸರಿಯುತ್ತದೆ ಅನ್ನುವ ಲೆಕ್ಕ. ಕೊಮಾಂಡಾಂಟೆ ಸಿ40 ಅನ್ನುವ ಗ್ರೈಂಡರ್‌ನಲ್ಲಿ ಒಂದು ಕ್ಲಿಕ್ ಸುಮಾರು 30 ಮೈಕ್ರಾನ್. ಕಿನ್‌ಗ್ರೈಂಡರ್ ಕೆ6ನಲ್ಲಿ 16. ಒನ್‌ಝೆಡ್‌ಪ್ರೆಸೊದ ಜೆಎಕ್ಸ್ ಪ್ರೊದಲ್ಲಿ 12.5. ಪೋರ್ ಓವರ್‌ಗೆ 30 ಧಾರಾಳ ಸಾಕು. ಸಿ40 ಇಟ್ಟುಕೊಂಡು ಎಷ್ಟೋ ಜನ 20ರಿಂದ 30 ಕ್ಲಿಕ್‌ನ ನಡುವೆ ಆರಾಮಾಗಿ ಪೋರ್ ಓವರ್ ಮಾಡುತ್ತಾರೆ. ಫ್ರೆಂಚ್ ಪ್ರೆಸ್‌ಗಂತೂ ಒಂದು ಕ್ಲಿಕ್ ಆಚೆ ಈಚೆ ಆದರೆ ನಾಲಿಗೆಗೆ ಗೊತ್ತಾಗುವುದೇ ಕಷ್ಟ. ಸಣ್ಣ ಸಣ್ಣ ಕ್ಲಿಕ್ ನಿಜವಾಗಿ ಬೇಕಾಗುವುದು ಎಸ್ಪ್ರೆಸೊಗೆ. ಅಲ್ಲಿ ಒಂದೇ ಒಂದು ದೊಡ್ಡ ಕ್ಲಿಕ್‌ನಲ್ಲಿ ಶಾಟ್ (ಒಂದು ಸಲದ ಎಸ್ಪ್ರೆಸೊ) ಇಳಿಯುವ ಸಮಯ ತುಂಬಾ ಬದಲಾಗುತ್ತದೆ, ಒಂದರಲ್ಲಿ ಓಡಿಹೋಗುತ್ತದೆ, ಪಕ್ಕದ್ದರಲ್ಲಿ ಹನಿ ಹನಿಯಾಗಿ ನಿಂತುಬಿಡುತ್ತದೆ. ಇನ್ನೊಂದು ಮಾತು, ಯಾರೋ "ನಾನು 18 ಕ್ಲಿಕ್‌ನಲ್ಲಿ ಮಾಡುತ್ತೇನೆ" ಅಂದರೆ ಅದೇ ಗ್ರೈಂಡರ್ ಇದ್ದವರಿಗೆ ಮಾತ್ರ ಅದು ಉಪಯೋಗ, ಬೇರೆ ಗ್ರೈಂಡರ್‌ಗೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಹಾಗಾದರೆ ಮುಂದೆ ಎಸ್ಪ್ರೆಸೊ ಬಂದರೆ? ಬಂದಾಗ ನೋಡೋಣ ಅನ್ನುತ್ತೇನೆ ನಾನು. ಮಷಿನ್ ಮನೆಯಲ್ಲಿ ಇಲ್ಲದೆ ಅದಕ್ಕಾಗಿ ಈಗಲೇ ಜಾಸ್ತಿ ಕೊಡಬೇಡಿ. ಎಸ್ಪ್ರೆಸೊ ಗಾತ್ರಕ್ಕೆ 18 ಗ್ರಾಂ ಕೈಯಲ್ಲಿ ಬೀಸುವುದು ಬೇರೆಯೇ ಶ್ರಮ. ಅಲ್ಲಿಗೆ ಹೋದವರಲ್ಲಿ ಎಷ್ಟೋ ಜನ ಕೊನೆಗೆ ಕರೆಂಟಿನದ್ದನ್ನೇ ತಗೊಳ್ಳುತ್ತಾರೆ, ಕೈ ಗ್ರೈಂಡರ್ ಪೋರ್ ಓವರ್‌ಗೆ ಉಳಿಯುತ್ತದೆ. ಆದರೆ ಆರು ತಿಂಗಳೊಳಗೆ ಮಷಿನ್ ಬರುವುದು ಖಂಡಿತ ಅಂದರೆ ಮಾತು ಬೇರೆ. ಆಗ ಕೆ6ನಂಥ, ಗ್ರೈಂಡರ್‌ನ ಹೊರಮೈಯಲ್ಲೇ ಇರುವ ಬಳೆ ತಿರುಗಿಸಿ ಗಾತ್ರ ಬದಲಾಯಿಸುವ ಗ್ರೈಂಡರ್ ನೋಡಿ. ಎಸ್ಪ್ರೆಸೊಗೂ ಪೋರ್ ಓವರ್‌ಗೂ ದಿನಾ ಓಡಾಡುವವರಿಗೆ ಅದು ದೊಡ್ಡ ಅನುಕೂಲ. ಒಳಗಿನಿಂದ ಹೊಂದಿಸುವುದರಲ್ಲಿ ಪ್ರತಿಸಲ ಕೆಳಗಿನ ಡಬ್ಬಿ ಬಿಚ್ಚಿ, ಸೊನ್ನೆಯಿಂದ ಎಣಿಸಬೇಕು. ಒಂದೇ ವಿಧದ ಕಾಫಿ ಮಾಡುವವರಿಗೆ ಅದೇನೂ ತೊಂದರೆ ಅಲ್ಲ.

ನಿಮ್ಮ ಮಟ್ಟಿಗೆ ಟೈಮ್‌ಮೋರ್ ಸಿ2 ಅಥವಾ ಅದೇ ದರ್ಜೆಯ ಯಾವುದಾದರೂ ಸಾಕು. 38 ಮಿಲಿಮೀಟರ್ ಸ್ಟೀಲ್ ಬರ್, ಎರಡು ಬೇರಿಂಗ್, ಒಂದು ಸಲಕ್ಕೆ 20 ಗ್ರಾಂ ಆರಾಮಾಗಿ ಹಿಡಿಯುತ್ತದೆ. ಇಬ್ಬರು ಮೂವರಿಗೆ ಒಟ್ಟಿಗೆ ಮಾಡುವ ಮನೆಯಾದರೆ ಇದು ಚಿಕ್ಕದಾಗುತ್ತದೆ. ಆಗ ಸಿ40ಯಂಥ, ಸುಮಾರು 40 ಗ್ರಾಂ ಹಿಡಿಯುವುದನ್ನು ನೋಡಬೇಕು, ಇಲ್ಲವೇ ಕರೆಂಟಿನದ್ದೇ ವಾಸಿ. ಪ್ರಯಾಣಕ್ಕೆ ಮಾತ್ರ ಅಂತಾದರೆ ಪೋರ್ಲೆಕ್ಸ್ ಮಿನಿ ಅನ್ನುವ ಪುಟ್ಟ ಗ್ರೈಂಡರ್ ಏರೋಪ್ರೆಸ್ (ಒತ್ತಿ ಕಾಫಿ ಇಳಿಸುವ ಪ್ಲಾಸ್ಟಿಕ್ ಕೊಳವೆ) ಒಳಗೇ ಕೂರುತ್ತದೆ, ಆದರೆ ಅದು ಸೆರಾಮಿಕ್, ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯ. 48 ಮಿಲಿಮೀಟರಿನ ದೊಡ್ಡ ಬರ್ ಬೇಗ ಬೀಸುತ್ತದೆ, ಆದರೆ ಪ್ರತಿ ಸುತ್ತಿಗೂ ಬಲ ಜಾಸ್ತಿ ಬೇಕು. ಕೈ ಚಿಕ್ಕದಿದ್ದರೆ ಅಥವಾ ಮಣಿಕಟ್ಟಿನ ನೋವಿದ್ದರೆ ಸಾಧ್ಯವಾದಷ್ಟೂ ಒಮ್ಮೆ ಹಿಡಿದು ನೋಡಿಯೇ ತಗೊಳ್ಳಿ. ಬರ್ ಮೇಲಿನ ಟೈಟೇನಿಯಂ ಲೇಪನ ಬಾಳಿಕೆಗೆ ಅಷ್ಟೇ, ಮೊದಲ ಗ್ರೈಂಡರ್‌ಗೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಗ್ರೈಂಡರ್ ಕೈಗೆ ಬಂದ ದಿನವೇ ಹೀಗೆ ಪರೀಕ್ಷೆ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು. ಕೆಳಗಿನ ಡಬ್ಬಿ ತೆಗೆದು ಒಳಗಿನ ಬರ್ ಅನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ. ಕಣ್ಣಿಗೆ ಕಾಣುವಷ್ಟು ಅಲುಗಾಡಬಾರದು. ಸ್ವಲ್ಪ ಸಂದಿ ಬಿಟ್ಟು ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಿ, ಸಂದಿ ಸುತ್ತಲೂ ಒಂದೇ ಅಗಲ ಕಾಣಬೇಕು. ಆಮೇಲೆ ಹಿಡಿ ತಿರುಗದಷ್ಟು ಬಿಗಿ ಮಾಡಿ, ಜೋರು ಮಾಡಬೇಡಿ, ತಾನಾಗಿ ನಿಲ್ಲುವ ಜಾಗವೇ ನಿಮ್ಮ ಸೊನ್ನೆ. ಅಲ್ಲಿಂದ ಹೊರಗೆ ಎಣಿಸಿ. ಹಳೆ ಬೀಜ ಸ್ವಲ್ಪ ಬೀಸಿ ಬಿಸಾಡಿ, ತಯಾರಿಕೆಯ ಧೂಳು, ಎಣ್ಣೆ ಏನಿದ್ದರೂ ಹೋಗಲಿ. ನಂತರ ಹೊಸ ಬೀಜ ಬೀಸಿ ಬಿಳಿ ಕಾಗದದ ಮೇಲೆ ಹರಡಿ ನೋಡಿ. ಒಡೆಯದ ದೊಡ್ಡ ಚೂರುಗಳು ಅಲ್ಲಲ್ಲಿ ಎದ್ದು ಕಂಡರೆ ಏನೋ ಸರಿ ಇಲ್ಲ ಅಂತಲೇ.

ಗಾತ್ರ ಹೊಂದಿಸಲು 15 ಗ್ರಾಂ ಪುಡಿ, 250 ಮಿಲಿ ನೀರು ಅಂತ ಗಟ್ಟಿ ಮಾಡಿಕೊಳ್ಳಿ, ಅದನ್ನು ಮುಟ್ಟಬೇಡಿ. ನೀರಿನ ಬಿಸಿಯೂ ಒಂದೇ ಇರಲಿ. ಕ್ಲಿಕ್ ಮಾತ್ರ ಬದಲಾಯಿಸಿ, ಒಂದು ಸಲಕ್ಕೆ ಎರಡು ಕ್ಲಿಕ್‌ಗಿಂತ ಜಾಸ್ತಿ ಬೇಡ. ಪೋರ್ ಓವರ್ ಸುಮಾರು ಮೂರು ನಿಮಿಷಕ್ಕೆ ಇಳಿದು ಮುಗಿದರೆ ಸರಿ ದಾರಿಯಲ್ಲಿದ್ದೀರಿ. ಎರಡು ನಿಮಿಷಕ್ಕೇ ಇಳಿದು ಹುಳಿ ಹುಳಿ ಅನಿಸಿದರೆ ಇನ್ನೂ ನುಣ್ಣಗೆ ಮಾಡಿ, ನಾಲ್ಕು ದಾಟಿ ಕಹಿ ಬಂದರೆ ತರಿ ಮಾಡಿ. ಫ್ರೆಂಚ್ ಪ್ರೆಸ್‌ಗೆ ಅದಕ್ಕಿಂತ ಇನ್ನೂ ತರಿ, ನಾಲ್ಕು ನಿಮಿಷ ನೆನೆಯಲಿ. ಬೀಜ ಒಳಗೆ ಇರುವಾಗ ಮಾತ್ರ ನುಣ್ಣಗಿನ ಕಡೆಗೆ ತಿರುಗಿಸಬೇಡಿ, ಚೂರುಗಳು ನಡುವೆ ಸಿಕ್ಕಿಕೊಳ್ಳುತ್ತವೆ.

ಪುಡಿ ಡಬ್ಬಿಗೆ, ಬರ್‌ಗೆ ಅಂಟಿಕೊಂಡು ಕೊಡವಿದರೂ ಬರದಿದ್ದರೆ ಅದು ಸ್ಥಿರವಿದ್ಯುತ್ತಿನ ಕಾಟ. ಬೀಸುವ ಮುಂಚೆ ಚಮಚದ ಹಿಡಿಯನ್ನು ನೀರಿನಲ್ಲಿ ಅದ್ದಿ ಬೀಜದಲ್ಲಿ ಒಮ್ಮೆ ಕಲಸಿ. ಒಂದು ಹನಿ ಸಾಕು, ವ್ಯತ್ಯಾಸ ಆ ಕ್ಷಣವೇ ಕಾಣುತ್ತದೆ. ಸ್ಟೀಲ್ ಬರ್ ಅನ್ನು ನೀರಲ್ಲಿ ತೊಳೆಯಬೇಡಿ. ವಾರಕ್ಕೊಮ್ಮೆ ಬ್ರಷ್‌ನಲ್ಲಿ ಗುಡಿಸಿ, ಆಗಾಗ ಪೂರ್ತಿ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಚ್ಚುವಾಗ ವಾಷರ್, ಸ್ಪ್ರಿಂಗ್ ಯಾವ ಕ್ರಮದಲ್ಲಿ ಇದ್ದವು ಅಂತ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸ್ವಚ್ಛ ಮಾಡಲು ಅಕ್ಕಿ ಹಾಕಿ ಬೀಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಅಚ್ಚಿಗೂ ಬರ್‌ಗೂ ಸುಮ್ನೆ ಹೊರೆ.

ಡ್ರಿಲ್ ಹಾಕಿ ತಿರುಗಿಸಬಹುದಾ ಅಂತ ಕೆಳಗಿನ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ಕೈಯ ವೇಗಕ್ಕೆ ಮಾಡಿದ ಬೇರಿಂಗ್ ಅದು, ಬೇಡ. ಬೀಜ ಗಟ್ಟಿ ಅನಿಸಿದರೆ ಗ್ರೈಂಡರ್ ಅನ್ನು ಸ್ವಲ್ಪ ಓರೆ ಹಿಡಿದು ತಿರುಗಿಸಿ, ಬೀಜ ಒಮ್ಮೆಲೇ ಬರ್‌ಗೆ ನುಗ್ಗುವುದಿಲ್ಲ, ಕೈ ಹಗುರಾಗುತ್ತದೆ.

ನೀವು ಯಾವ ರೋಸ್ಟ್ ತರುತ್ತೀರಿ ಅಂತ ಬರೆದಿಲ್ಲ. ಲೈಟ್ ಅಥವಾ ಡಾರ್ಕ್, ಮತ್ತು ಪೋರ್ ಓವರ್‌ಗೆ ಕಾಗದ ಇಡುವ ಕೋನ್ ಯಾವುದು ಅಂತ ಹೇಳಿ, ಯಾವ ಕ್ಲಿಕ್‌ನಿಂದ ಶುರು ಮಾಡಬಹುದು ಅಂತ ತಿಳಿಸುತ್ತೇನೆ.