ಅಮ್ಮನ ಕಾಲಿನ ತುರಿಕೆಗೆ ಕ್ರೀಮಿಗಿಂತ ಮೊದಲು ಸ್ನಾನ

ಚಳಿಗಾಲದಲ್ಲಿ 68 ವರ್ಷದ ಅಮ್ಮನ ಮೊಣಕಾಲಿನ ಕೆಳಗೆ ಚರ್ಮ ಬಿರಿದು ತುರಿಸುತ್ತದೆ, ಯಾವ ಕ್ರೀಮ್ ಒಳ್ಳೆಯದು, ಅದನ್ನೇ 15 ವರ್ಷದ ಮಗಳ ಮುಖಕ್ಕೂ ಹಚ್ಚಬಹುದಾ ಎಂದು ಕೇಳಿದ್ದೀರಿ.

ಮೊದಲು ಅಮ್ಮನ ಸ್ನಾನ ನೋಡಿ. ಹಬೆಯಾಡುವ ಬಿಸಿನೀರು ಹಿತ ಅನ್ನಿಸುತ್ತದೆ ನಿಜ, ಆದರೆ ಚರ್ಮದ ಎಣ್ಣೆ ಪಸೆಯನ್ನು ತೊಳೆದುಬಿಡುತ್ತದೆ. ವಯಸ್ಸಾದಂತೆ ಆ ಪಸೆಯೂ ಕಡಿಮೆ ಅಲ್ವಾ? ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಕಡಲೆಹಿಟ್ಟು ಹಾಕಿ ಉಜ್ಜುವುದು ಸದ್ಯಕ್ಕೆ ಬೇಡ. ಟವೆಲ್ಲನ್ನು ಮೆಲ್ಲಗೆ ಒತ್ತಿ ಒರೆಸಿ, ಕಾಲು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕ್ರೀಮ್ ಹಚ್ಚಿ. ಆಗಲೇ ತೇವ ಒಳಗೆ ನಿಲ್ಲುವುದು. ದುಬಾರಿಯದ್ದು ಬೇಕಿಲ್ಲ. ಪರಿಮಳವಿಲ್ಲದ, ಗ್ಲಿಸರಿನ್ ಇರುವ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸಾಕು. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಹಚ್ಚಿ. ಅಂಗಾಲಿಗೆ ಹಚ್ಚಿದರೆ ಕಾಲುಚೀಲ ಹಾಕಿಸಿ, ಬರಿಗಾಲಲ್ಲಿ ನಡೆದು ಜಾರಿಬಿದ್ದರೆ ಕಷ್ಟ.

ಮಗಳಿಗೆ ಇದು ಬೇಡ. ಆ ವಯಸ್ಸಿನ ಮುಖಕ್ಕೆ ಜಿಡ್ಡು ಜಾಸ್ತಿಯಾದರೆ ಮೊಡವೆ ಏಳುತ್ತದೆ, ಕೊಬ್ಬರಿ ಎಣ್ಣೆಯಿಂದಲೂ ಅಷ್ಟೇ. ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್, ತೆಳುವಾದ ಮಾಯಿಶ್ಚರೈಸರ್, ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸಾಕು. ಬಿಸಿಲಲ್ಲೇ ಇದ್ದರೆ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಿಂಬೆರಸ ಮಾತ್ರ ಹಚ್ಚಲೇಬಾರದು, ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗುತ್ತದೆ.

ಎರಡು ವಾರ ಹೀಗೆ ಮಾಡಿಯೂ ಅಮ್ಮನಿಗೆ ತುರಿಕೆ ನಿಲ್ಲದಿದ್ದರೆ, ಅಥವಾ ಮೈಯೆಲ್ಲ ತುರಿಸಿದರೆ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ತೊಂದರೆಯಿಂದಲೂ ಹೀಗಾಗುತ್ತದೆ.