ಅಮ್ಮನ ಮಾತ್ರೆ ತಪ್ಪಬಾರದು

ಮೆಡಿ-ಕಾಲ್ (ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಆದಾಯದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಇದ್ದರೂ ಅಮ್ಮನ ಮಾತ್ರೆಗೆ 'ಮೊದಲು ಅನುಮತಿ ಬೇಕು' ಅಂತ ಫಾರ್ಮಸಿಯವರು ಯಾಕೆ ವಾಪಸ್ ಕಳಿಸಿದರು ಅಂತ ಕೇಳಿದ್ದೀರಿ.

2022ರ ಜನವರಿಯಿಂದ ಕ್ಯಾಲಿಫೋರ್ನಿಯಾ ರಾಜ್ಯವೇ ಈ ವಿಮೆಯ ಔಷಧಿ ವಿಭಾಗವಾದ ಮೆಡಿ-ಕಾಲ್ ಆರ್‌ಎಕ್ಸ್ ಮೂಲಕ ಔಷಧಿ ಖರ್ಚು ನೋಡಿಕೊಳ್ಳುತ್ತಿದೆ. ಸಾಮಾನ್ಯವಾಗಿ ಮೊದಲೇ ಅನುಮತಿ ಕೇಳದೆ ಸಿಗುವ ಔಷಧಿಗಳ ಪಟ್ಟಿಯೊಂದು ಅದಕ್ಕಿದೆ. ತಮ್ಮ ಔಷಧಿ ಪಟ್ಟಿಗೆ ಸೇರಲು ಕಂಪನಿಗಳು ರಾಜ್ಯಕ್ಕೆ ಹೆಚ್ಚುವರಿ ರಿಯಾಯಿತಿ ಕೊಡುವುದುಂಟು. ಖರ್ಚು ಇಳಿಯುವುದು ಹಾಗೆ. ಪಟ್ಟಿಯಲ್ಲಿ ಇಲ್ಲದ ಔಷಧಿಗೆ ಡಾಕ್ಟರ್ ಕಾರಣ ಬರೆದು ಅನುಮತಿ ಕೇಳಬೇಕು.

ಆದರೆ ನೀವು ಸುಮ್ನೆ ಕಾಯಬೇಡಿ. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾನೂನಿನ ಪ್ರಕಾರ ಡಾಕ್ಟರ ಕೋರಿಕೆಗೆ 24 ಗಂಟೆಯೊಳಗೆ ಉತ್ತರ ಬರಬೇಕು. ತುರ್ತು ಇದ್ದರೆ ಕನಿಷ್ಠ 72 ಗಂಟೆಗೆ ಆಗುವಷ್ಟು ಔಷಧಿ ಸಿಗಬೇಕು. ಇದನ್ನು ಎಷ್ಟೋ ಜನಕ್ಕೆ ಯಾರೂ ಹೇಳುವುದಿಲ್ಲ, ಅದೇ ಬೇಜಾರು. ಅಮ್ಮನ ಮಾತ್ರೆ ಮುಗಿಯುತ್ತಾ ಬಂದಿದ್ದರೆ ಇವತ್ತೇ ಫಾರ್ಮಸಿಗೆ ಹೋಗಿ 'ಎಮರ್ಜೆನ್ಸಿ ಸಪ್ಲೈ' ಅಂತ ಬಾಯಿಬಿಟ್ಟು ಕೇಳಿ.